ಅಭಿಪ್ರಾಯ ಬದಲಿಸಿ ಸ್ವಾಮಿ, ಹೇಳಿ ಬದಲಿಸಿ

ಈಗಷ್ಟೇ ಒಂದು ವಿಡಿಯೋ ನೋಡಿ ಮುಗಿಸಿದೆ. ಸುಮ್ನೆ ಮಲಗಬೇಕಿತ್ತು. ತಲೆ ಕಾದಿದೆ, ಹಾಗಾಗಿ ನಿಮಗೆ ಈ ಶಿಕ್ಷೆ.

ಮಾತಾಡಿದವರು ಒಬ್ಬ ಟೆಕ್ ಉದ್ಯಮಿ. ಹೆಸರು ಬೇಡ. ನಾವಿಬ್ಬರೂ ಹೆಚ್ಚುಕಮ್ಮಿ ಒಂದೇ ಕಾಲಕ್ಕೆ ಕಂಪನಿ ಶುರು ಮಾಡಿದವರು. ಅವರದು ದೊಡ್ಡದಾಯಿತು, ನನ್ನದು ಏನಾಯಿತು ಅಂತ ನಿಮಗೆ ಗೊತ್ತೇ ಇದೆ. (ಹೌದು, ಸ್ವಲ್ಪ ಹೊಟ್ಟೆಕಿಚ್ಚೂ ಇದೆ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಕಾಮೆಂಟಿನಲ್ಲಿ ನೀವು ಕಷ್ಟಪಡುವುದು ಬೇಡ.)

"ಮೊದಲಿನಿಂದಲೂ ನಾನು ಎಐ ಬಗ್ಗೆ ಹೇಳುತ್ತಲೇ ಬಂದಿದ್ದೇನೆ" ಅಂದರು. ಮೊದಲಿನಿಂದಲೂ! ಇದೇ ಮನುಷ್ಯ 2018ರಲ್ಲಿ, ಬ್ಲಾಕ್‌ಚೇನ್ (ಹಲವು ಕಂಪ್ಯೂಟರ್‌ಗಳಲ್ಲಿ ಹಂಚಿ ಇಡುವ ಲೆಕ್ಕದ ಪುಸ್ತಕ ಅನ್ನಿ) ಇಲ್ಲದ ಕಂಪನಿಗಳೆಲ್ಲ ಐದು ವರ್ಷದಲ್ಲಿ ಬಾಗಿಲು ಹಾಕುತ್ತವೆ ಅಂದಿದ್ದರು. 2021ರ ಅಕ್ಟೋಬರ್‌ನಲ್ಲಿ ಫೇಸ್‌ಬುಕ್ ಕಂಪನಿ ತನ್ನ ಹೆಸರನ್ನು ಮೆಟಾ ಅಂತ ಬದಲಿಸಿಕೊಂಡಿತಲ್ಲ, ವಾರದೊಳಗೆ ಇವರ ಪ್ರೊಫೈಲಿನಲ್ಲಿ ಮೆಟಾವರ್ಸ್, ಅಂದರೆ ಕಂಪ್ಯೂಟರಿನೊಳಗಿನ ಕಲ್ಪಿತ ಜಗತ್ತು, ಬಂದು ಕೂತಿತ್ತು. ಮುಂದಿನ ವರ್ಷದ ನವೆಂಬರ್ ಕೊನೆಗೆ ಚಾಟ್‌ಜಿಪಿಟಿ ಬಂತು. ಮೆಟಾವರ್ಸ್ ಎಲ್ಲಿ ಹೋಯಿತು ಅಂತ ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಆಸೆಗಳೂ ಹಾಗೇ. "ಹತ್ತು ಜನರ ಕಂಪನಿ, ಒಂದು ಒಳ್ಳೆಯ ಸಾಫ್ಟ್‌ವೇರ್, ಅಷ್ಟು ಸಾಕು" ಅಂತ ನನ್ನೆದುರು ಕೂತು ಹೇಳಿದ್ದವರು ಆಮೇಲೆ ಜಗತ್ತನ್ನೇ ಬದಲಿಸಲು ಹೊರಟರು. ಈಗ ಬೇರೆಯವರಿಗೆ ಬಂಡವಾಳ ಕೊಟ್ಟು ಅವರ ಕೈಲಿ ಜಗತ್ತು ಬದಲಿಸುತ್ತಾರಂತೆ.

ಬದಲಾಗಲಿ. ಯಾರು ಬೇಡ ಅಂದರು? ನನ್ನ ತಕರಾರು ಒಂದೇ. ನಿನ್ನೆ ಹೇಳಿದ್ದು ತಪ್ಪಾಗಿತ್ತು ಅಂತ ಒಂದು ಸಾಲು ಹೇಳಲು ಏನು ಕಷ್ಟ?

ಇದು ಇವರೊಬ್ಬರ ಕಾಯಿಲೆಯಲ್ಲ, ಈ ಉದ್ಯಮಕ್ಕೇ ಅಂಟಿದ್ದು. ಗೂಗಲ್ ಶುರು ಮಾಡಿದ ಇಬ್ಬರೂ 1998ರ ತಮ್ಮ ಪ್ರಬಂಧದಲ್ಲಿ, ಜಾಹೀರಾತಿನ ದುಡ್ಡಲ್ಲಿ ನಡೆಯುವ ಸರ್ಚ್ ಎಂಜಿನ್ ಜಾಹೀರಾತು ಕೊಡುವವರ ಕಡೆಗೇ ವಾಲುತ್ತದೆ ಅಂತ ಸ್ಪಷ್ಟವಾಗಿ ಬರೆದಿದ್ದರು. 2000ದಲ್ಲಿ ಗೂಗಲ್‌ನದೇ ಜಾಹೀರಾತು ಸೇವೆ ಆಡ್‌ವರ್ಡ್ಸ್ ಬಂತು. ಎರಡೇ ವರ್ಷ! ಎಲಾನ್ ಮಸ್ಕ್ 2023ರ ಮಾರ್ಚ್‌ನಲ್ಲಿ, ಜಿಪಿಟಿ-4ಕ್ಕಿಂತ ಬಲವಾದ ಎಐ ತಯಾರಿಯನ್ನು ಕನಿಷ್ಠ ಆರು ತಿಂಗಳು ನಿಲ್ಲಿಸಿ ಅನ್ನುವ ಪತ್ರಕ್ಕೆ ಸಹಿ ಹಾಕಿದರು. ಅದೇ ಜುಲೈನಲ್ಲಿ ತಮ್ಮದೇ ಎಕ್ಸ್‌ಎಐ ಕಂಪನಿ ಘೋಷಿಸಿದರು. ಆರು ತಿಂಗಳು ಅಂದರೆ ಸೆಪ್ಟೆಂಬರ್ ಆಗಬೇಕಿತ್ತು ಅಲ್ವಾ? ನನ್ನ ಲೆಕ್ಕ ಸ್ವಲ್ಪ ವೀಕು.

ಗೊತ್ತು, ಈಗ ಯಾರೋ "ಪಿವಟ್" ಅನ್ನುತ್ತಾರೆ. ಉದ್ಯಮಿ ಅಂದಮೇಲೆ ದಾರಿ ಬದಲಿಸಲೇಬೇಕು, ಆಫೀಸುಗಳಲ್ಲಿ ಬಳಸುವ ಚಾಟ್ ಆ್ಯಪ್ ಸ್ಲ್ಯಾಕ್ ಹುಟ್ಟಿದ್ದೇ ಸೋತ ಆಟದಿಂದ ಅಂತ ಪಾಠ ಮಾಡುತ್ತಾರೆ. ಸರಿ, ಸ್ಲ್ಯಾಕ್ ಕಥೆಯನ್ನೇ ನೋಡೋಣ. ಸ್ಟುವರ್ಟ್ ಬಟರ್‌ಫೀಲ್ಡ್ ಮತ್ತು ಜೊತೆಗಾರರು ಗ್ಲಿಚ್ ಅನ್ನುವ ಆನ್‌ಲೈನ್ ಆಟ ಕಟ್ಟಿದ್ದರು. ಜನ ಸಾಕಷ್ಟು ಬರಲಿಲ್ಲ. 2012ರ ಕೊನೆಗೆ ಆಟ ಮುಚ್ಚುತ್ತಿದ್ದೇವೆ ಅಂತ ಎಲ್ಲರೆದುರು ಹೇಳಿದರು. ಆಡುವವರಿಗೆ ಹಣ ವಾಪಸು ಕೊಟ್ಟರು. ಕೆಲಸ ಕಳೆದುಕೊಂಡವರಿಗೆ ಬೇರೆ ಕೆಲಸ ಹುಡುಕಲು ನೆರವಾದರು. ತಾವು ಒಳಗೊಳಗೇ ಬಳಸುತ್ತಿದ್ದ ಚಾಟ್ ಸಾಧನ ಆಮೇಲೆ ಸ್ಲ್ಯಾಕ್ ಆಯಿತು. 2021ರಲ್ಲಿ ಅದು ಸೇಲ್ಸ್‌ಫೋರ್ಸ್ ಪಾಲಾದಾಗ ಬೆಲೆ 2,770 ಕೋಟಿ ಡಾಲರ್ ಆಸುಪಾಸು. ಆಟ ಸೋತಿತು ಅಂತ ಒಪ್ಪಿಕೊಂಡಿದ್ದರಿಂದ ಅವರಿಗೇನು ಕಮ್ಮಿಯಾಯಿತು ಹೇಳಿ. ಮುಚ್ಚಿದೆವು ಅನ್ನುವ ಮಾತೇ ಇಲ್ಲದ ಪಿವಟ್ ಬರೀ ಬೋರ್ಡ್ ಬದಲಾವಣೆ.

ಇನ್ನೊಬ್ಬರು ವಾಟ್ಸ್‌ಆ್ಯಪ್ ಕಟ್ಟಿದ ಬ್ರಿಯಾನ್ ಆಕ್ಟನ್. 2014ರಲ್ಲಿ ಫೇಸ್‌ಬುಕ್‌ಗೆ ಮಾರಿದರು, 2017ರಲ್ಲಿ ಹೊರಬಂದರು. ಮರುವರ್ಷ ಒಂದು ಸಂದರ್ಶನದಲ್ಲಿ, ಬಳಸುವವರ ಖಾಸಗಿತನವನ್ನು ಮಾರಿದೆ, ಅದರ ಜೊತೆ ದಿನಾ ಬದುಕುತ್ತಿದ್ದೇನೆ ಅನ್ನುವ ಅರ್ಥದ ಮಾತಾಡಿದರು. ಅಷ್ಟು ಡಾಲರ್ ಎಣಿಸಿದ ಮೇಲೆ ಪಶ್ಚಾತ್ತಾಪ ಸುಲಭ ಅಂತೀರಾ? ಇರಬಹುದು. ಆದರೂ ಹೇಳಿದರಲ್ಲ! ಅಷ್ಟೇ ಡಾಲರ್ ಎಣಿಸಿ ಸುಮ್ಮನಿರುವವರು ಎಷ್ಟು ಜನ.

ಸರಿ, ಈಗ ನನ್ನ ಸರದಿ. ಬೇರೆಯವರ ಹಳೆಯ ಮಾತು ಕೆದಕುವಾಗ ನನ್ನದೂ ಸಿಕ್ಕಿತು.

2017ರ ಡಿಸೆಂಬರ್‌ನಲ್ಲಿ ಅಮೆರಿಕದ ಒಂದು ಐಸ್ಡ್ ಟೀ ಕಂಪನಿ ತನ್ನ ಹೆಸರನ್ನು ಲಾಂಗ್ ಬ್ಲಾಕ್‌ಚೇನ್ ಅಂತ ಬದಲಿಸಿತು. ಒಂದೇ ದಿನದಲ್ಲಿ ಷೇರು ಬೆಲೆ ದುಪ್ಪಟ್ಟಿಗೂ ಮೇಲೆ ಹಾರಿತು. ಆ ಸುದ್ದಿ ಓದಿ ಬಿದ್ದು ಬಿದ್ದು ನಕ್ಕವನು ನಾನು. ನಕ್ಕು ಮೂರು ತಿಂಗಳಿಗೆ, ಬಂಡವಾಳ ಹಾಕುವವರ ಎದುರು ಕೂತಿದ್ದೆ. ನಮ್ಮದು ಸರಕಿನ ಸ್ಟಾಕ್ ಲೆಕ್ಕ ಇಡುವ ಸಾಫ್ಟ್‌ವೇರ್, ನಿಮಗೆ ಗೊತ್ತಲ್ಲ. ಪ್ರೆಸೆಂಟೇಷನ್ನಿನ ಮೂರನೇ ಸ್ಲೈಡಿನಲ್ಲಿ ದಪ್ಪ ಅಕ್ಷರದಲ್ಲಿ ಬ್ಲಾಕ್‌ಚೇನ್. ಕೋಡ್‌ನಲ್ಲಿ ಅದರ ಒಂದು ಸಾಲೂ ಇರಲಿಲ್ಲ. ಮಾಡುವ ಯೋಚನೆ ಇತ್ತು ಅಂತ ಆಗ ನನಗೆ ನಾನೇ ಹೇಳಿಕೊಂಡಿದ್ದೆ. ಹಣ ಸಿಗಲಿಲ್ಲ. ಸಿಕ್ಕಿದ್ದರೆ ಇವತ್ತು ಆ ವಿಡಿಯೋದಲ್ಲಿ ಕೂತು "ಮೊದಲಿನಿಂದಲೂ" ಅನ್ನುತ್ತಿದ್ದವನು ಬಹುಶಃ ನಾನೇ. ಸಿಟ್ಟು ಇಷ್ಟು ಜೋರಾಗಿ ಬಂದಿದ್ದಕ್ಕೆ ಅದೂ ಒಂದು ಕಾರಣ ಇರಬೇಕು.

ಆಗ ಇಲ್ಲೇ ಹಾಕಿದ್ದ ಪೋಸ್ಟ್ ಇನ್ನೂ ಇದೆ, ಈಗ ತಾನೇ ನೋಡಿದೆ. ಕೆಳಗೆ ನಿಮ್ಮಲ್ಲೇ ಒಬ್ಬರು "ಇದಕ್ಕೆಲ್ಲ ಎಕ್ಸೆಲ್ ಶೀಟ್ ಸಾಲದಾ ಸಾರ್?" ಅಂತ ಕೇಳಿದ್ದರು. ನಿಮಗೆ ತಂತ್ರಜ್ಞಾನ ಅರ್ಥವಾಗಲ್ಲ ಬಿಡಿ ಅಂತ ಧಿಮಾಕಿನ ಉತ್ತರ ಕೊಟ್ಟಿದ್ದೇನೆ. ಡಿಲೀಟ್ ಮಾಡಲು ಹೋಗಿದ್ದೆ, ಮಾಡಲಿಲ್ಲ. ಅದರ ಕೆಳಗೇ ಇವತ್ತಿನ ತಾರೀಕಿನಲ್ಲಿ ಇನ್ನೊಂದು ಉತ್ತರ ಹಾಕಿ ಬಂದಿದ್ದೇನೆ: "ಸಾಲುತ್ತಿತ್ತು ಸಾರ್."