19ನೇ ಆಯ್ಕೆಯವನಿಗೆ 28 ಪ್ರಶ್ನೆ

'ಕಾಲೇಜಿಗೆ ಯಾಕಪ್ಪಾ ಹೋಗ್ತೀಯ?' ಅಪ್ಪ ಕೇಳಿದರೆ ಇದು ಬೈಗುಳ. ಪ್ರೊಫೆಸರ್ ಕೇಳಿದರೆ ಸಂಶೋಧನೆ.

ಈ ಪ್ರಶ್ನೆಯನ್ನೇ ತಲೆಯ ಮೇಲೆ ಹೊತ್ತ ಒಂದು ಪ್ರಶ್ನಾವಳಿ 1989ರಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ಫ್ರೆಂಚ್ ಭಾಷೆಯಲ್ಲಿ ಹುಟ್ಟಿತು. 1992ರಲ್ಲಿ ಇಂಗ್ಲಿಷ್ ಕಲಿಯಿತು. ಆಮೇಲೆ ಟರ್ಕಿಗೂ ಹೋಯಿತು. ಒಟ್ಟು 28 ಕಾರಣಗಳು, ನಿನಗೆ ಎಷ್ಟು ಹೊಂದುತ್ತೆ ಅಂತ ಪ್ರತಿಯೊಂದಕ್ಕೂ 1ರಿಂದ 7ರೊಳಗೆ ಒಂದು ಅಂಕ. ಹೊಸದನ್ನು ಕಲಿಯುವ ಖುಷಿಗೆ ಬರ್ತೀಯಾ? ಒಳ್ಳೇ ಲೇಖಕರನ್ನು ಓದುವ ಸಂತೋಷಕ್ಕಾ? ಸಂಬಳಕ್ಕಾ? 'ನಿಜ ಹೇಳಬೇಕಂದ್ರೆ ಗೊತ್ತಿಲ್ಲ, ಸುಮ್ನೆ ಟೈಮ್ ವೇಸ್ಟು' ಎನ್ನುವವರಿಗೂ ಜಾಗ ಇದೆ, ಪಾಪ.

ಈಗ ಅದನ್ನು ತುಂಬಬೇಕಾದ ಟರ್ಕಿಯ ಹುಡುಗನನ್ನು ನೋಡಿ. ಜೂನ್‌ನಲ್ಲಿ ವೈಕೆಎಸ್ ಪ್ರವೇಶ ಪರೀಕ್ಷೆ. ಮೊದಲ ದಿನವೇ 120 ಪ್ರಶ್ನೆ, 165 ನಿಮಿಷ. 4 ತಪ್ಪಾದರೆ 1 ಸರಿ ಉತ್ತರ ಕಟ್. ಮುಗಿದ ಮೇಲೆ ಯಾವ ಕಾಲೇಜು, ಯಾವ ಕೋರ್ಸು ಬೇಕು ಅಂತ ಹೆಚ್ಚೆಂದರೆ 24 ಆಯ್ಕೆಗಳ ಪಟ್ಟಿ ಕೊಡಬೇಕು. ಕಂಪ್ಯೂಟರ್ ಎಲ್ಲಿಗೆ ತಳ್ಳುತ್ತೋ ಅಲ್ಲಿಗೆ ಹೊರಡಬೇಕು. ನಮ್ಮ ಹುಡುಗ ಬಿದ್ದದ್ದು 19ನೇ ಆಯ್ಕೆಗೆ. ಅವನನ್ನು ಹಿಡಿದು 'ಇಲ್ಲಿಗೆ ಯಾಕೆ ಬಂದೆ?' ಅಂತ 28 ಸಲ ಕೇಳುತ್ತಾರೆ. 'ಕಂಪ್ಯೂಟರ್ ಕಳಿಸಿತು' ಅನ್ನುವ ಕಾರಣ ಮಾತ್ರ ಪಟ್ಟಿಯಲ್ಲಿಲ್ಲ.

ಪ್ರಶ್ನಾವಳಿಗೆ ಸಿಗುವ ಉಪಚಾರ ನೋಡಿದರೆ ಹೊಟ್ಟೆಕಿಚ್ಚಾಗುತ್ತದೆ. ಒಬ್ಬರು ಟರ್ಕಿಶ್‌ಗೆ ತರುತ್ತಾರೆ, ಇನ್ನೊಬ್ಬರು ಅದನ್ನು ಇಂಗ್ಲಿಷ್‌ಗೆ ವಾಪಸ್ ಒಯ್ಯುತ್ತಾರೆ, ಪಂಡಿತರು ಕೂತು ಒಂದೊಂದು ವಾಕ್ಯದ ನಾಡಿ ಹಿಡಿಯುತ್ತಾರೆ. ಹುಡುಗನ ನಾಡಿ ಯಾರೂ ಹಿಡಿಯಲ್ಲ. ಕ್ಲಾಸಿನ ಕೊನೇ ಹತ್ತು ನಿಮಿಷ ಹಾಳೆ ಹಂಚುತ್ತಾರೆ. 'ಹೆಸರು ಬರೀಬೇಡಿ. ಸರಿ ಉತ್ತರ, ತಪ್ಪು ಉತ್ತರ ಅಂತ ಇಲ್ಲ.' ಹುಟ್ಟಿದಾಗಿನಿಂದ ಐದರಲ್ಲಿ ಒಂದನ್ನೇ ಸರಿ ಅಂತ ಗುರುತಿಸುತ್ತಾ ಬೆಳೆದವನಿಗೆ ಇದರಲ್ಲೇನೋ ಮೋಸ ಇದೆ ಅನಿಸದೇ ಇರುತ್ತಾ? ಹೊರಗೆ ಟೀ ಆರುತ್ತಿದೆ. ಮೇಲಿಂದ ಕೆಳಗೆ 5, 5, 5, 5... ರಂಗೋಲಿ ಚುಕ್ಕಿ ಇಟ್ಟ ಹಾಗೆ ಇಟ್ಟು ಎದ್ದು ಹೋಗುತ್ತಾನೆ. ಪಕ್ಕದವಳದು 3ರ ಸಾಲು.

ತಮಾಷೆ ಶುರುವಾಗುವುದೇ ಇಲ್ಲಿ. ಪ್ರಶ್ನಾವಳಿಯನ್ನು ನಂಬಬಹುದಾ ಅಂತ ನೋಡಲು 1951ರಲ್ಲಿ ಕ್ರಾನ್‌ಬ್ಯಾಕ್ ಎಂಬುವರು ಜನಪ್ರಿಯಗೊಳಿಸಿದ ಆಲ್ಫಾ ಎಂಬ ಲೆಕ್ಕ ಇದೆ. ಸಾಮಾನ್ಯವಾಗಿ 0.70 ದಾಟಿದರೆ ಪಾಸ್. ಒಬ್ಬನ ಉತ್ತರಗಳು ಒಂದಕ್ಕೊಂದು ಹೊಂದಿಕೊಂಡಷ್ಟೂ ಆಲ್ಫಾ ಏರುತ್ತದೆ. ಓದದೆ ಒಂದೇ ಸಾಲಿನಲ್ಲಿ ಗೀಚಿದವರಿಗಿಂತ ಹೊಂದಿಕೆ ಇನ್ಯಾರಲ್ಲಿ ಸಿಗಬೇಕು? ಪ್ರತಿ ವಾಕ್ಯ ಓದಿ, ಯೋಚಿಸಿ, ಇಲ್ಲಿ 2 ಅಲ್ಲಿ 7 ಅಂತ ಪ್ರಾಮಾಣಿಕವಾಗಿ ಬರೆದ ಬಡಪಾಯಿಯನ್ನು 'ವಿಪರೀತ ಉತ್ತರ' ಅಂತ ಪಕ್ಕಕ್ಕಿಡುವ ಅಪಾಯವೇ ಜಾಸ್ತಿ.

ಇಷ್ಟಕ್ಕೇ ಬಿಡಲ್ಲ. ಕೆಲವು ವಾರ ಬಿಟ್ಟು ಅದೇ ಹಾಳೆಯನ್ನು ಅದೇ ಹುಡುಗನಿಗೆ ಮತ್ತೆ ಕೊಡುತ್ತಾರೆ. ಎರಡೂ ಸಲದ ಉತ್ತರ ಹೊಂದಬೇಕು. ಈ ನಡುವೆ ಯಾವುದೋ ಮೇಷ್ಟ್ರ ಪಾಠ ಕೇಳಿ ತರಗತಿಯವರಲ್ಲಿ ಸುಮಾರು ಜನಕ್ಕೆ ನಿಜವಾಗಲೂ ಓದುವ ಆಸೆ ಹುಟ್ಟಿಬಿಟ್ಟರೆ, ಪ್ರಶ್ನಾವಳಿ ಫೇಲ್.