ನಲವತ್ತೈದು ನಿಮಿಷದ ಆಷಾಢ

ಹಾಡುಗಳನ್ನು ಸಾಲಾಗಿ ಜೋಡಿಸಿ ತಿಂಗಳಿಗೊಂದು ಮಿಕ್ಸ್ ಕಟ್ಟುವವರು ಮೊದಲು ಗೊತ್ತುಮಾಡಿಕೊಳ್ಳಬೇಕಾದ್ದು ಹಾಡನ್ನಲ್ಲ, ಹೊತ್ತನ್ನು. ಮೈಸೂರಿನಿಂದ ಮಂಡ್ಯಕ್ಕೆ ದಿನಾ ರೈಲಿನಲ್ಲಿ ಓಡಾಡುವವರಿಗೆ ಈ ಲೆಕ್ಕ ಪುಕ್ಕಟೆಯಾಗಿ ಸಿಕ್ಕಿಬಿಟ್ಟಿದೆ. ಸುಮಾರು 45 ಕಿ.ಮೀ. ದಾರಿ, ಎಕ್ಸ್‌ಪ್ರೆಸ್ ಗಾಡಿಗೆ ಮುಕ್ಕಾಲು ಗಂಟೆಯ ಆಸುಪಾಸು. ಹಳೆಯ ಸಿ-90 ಕ್ಯಾಸೆಟ್ಟಿನ ಒಂದು ಬದಿಯೂ ಅಷ್ಟೇ.

ಆ ಕಾಲದಲ್ಲಿ ಚೀಟಿಯಲ್ಲಿ ಪಟ್ಟಿ ಬರೆದು ಖಾಲಿ ಕ್ಯಾಸೆಟ್ಟಿನ ಜೊತೆ ಅಂಗಡಿಗೆ ಕೊಟ್ಟರೆ ಹಾಡು ತುಂಬಿಸಿಕೊಡುತ್ತಿದ್ದರು. ಟೇಪಿನ ಮೊದಲ ಐದಾರು ಸೆಕೆಂಡು ಬರೀ ಪ್ಲಾಸ್ಟಿಕ್ ಪಟ್ಟಿ, ಅದರ ಮೇಲೆ ಏನೂ ರೆಕಾರ್ಡ್ ಆಗುವುದಿಲ್ಲ. ಇದು ಗೊತ್ತಿಲ್ಲದವರ ಕ್ಯಾಸೆಟ್ಟಿನಲ್ಲಿ ಮೊದಲ ಹಾಡಿಗೆ ತಲೆಯೇ ಇರುತ್ತಿರಲಿಲ್ಲ. ಕೊನೆಯ ಹಾಡಿನ ಎರಡನೇ ಚರಣದಲ್ಲಿ ಗಾಯಕಿ ಬಾಯಿ ತೆರೆದಲ್ಲೇ ಟಕ್ ಎಂದು ನಿಲ್ಲುತ್ತಿದ್ದುದೂ ಉಂಟು. ಫೋನಿಗೆ ಅಂಥ ಕೊನೆಯಿಲ್ಲ, ಇನ್ನೂರು ಹಾಡು ಸುರಿದರೂ ಸಾಕು ಅನ್ನುವುದಿಲ್ಲ. ಆದರೆ ಇನ್ನೂರು ಹಾಡಿನದು ಗೋದಾಮು. ತಿಂಗಳಿಗೆ ಎಂಟೋ ಒಂಬತ್ತೋ ಇದ್ದರೆ ಹತ್ತನೇ ದಿನದ ಹೊತ್ತಿಗೆ ಒಂದು ಹಾಡಿನ ಕೊನೆಯ ಸೊಲ್ಲು ಮುಗಿಯುವಷ್ಟರಲ್ಲಿ ಮುಂದಿನದರ ಮೊದಲ ಸ್ವರವನ್ನು ಕಿವಿ ತಾನೇ ಎತ್ತಿಕೊಂಡಿರುತ್ತದೆ. ಮಿಕ್ಸ್ ಕೂತಿತು ಅನ್ನುವುದು ಆಗ.

ಹಾಗಾಗಿ ಕೆಲಸವೆಲ್ಲ ಇರುವುದು ಹಾಡುಗಳ ಬೆಸುಗೆಯಲ್ಲಿ. ಹಾರ್ಮೋನಿಯಂ ಮುಂದೆ ಕೂತವರಿಗೆ ಇದು ಬೇಗ ತಿಳಿಯುತ್ತದೆ. ಕಪ್ಪು ಒಂದರ, ಅಂದರೆ ಮೊದಲ ಕಪ್ಪು ಮನೆಯ ಶ್ರುತಿಯ ಗಂಡುದನಿ ಮುಗಿದ ಕೂಡಲೇ ಬಿಳಿ ಐದರ ಹೆಣ್ಣುದನಿ ಬಂದರೆ ಹಲ್ಲಿಗೆ ಕಲ್ಲು ಸಿಕ್ಕಂತಾಗುತ್ತದೆ. ಹಿಂದಿನ ಷಡ್ಜ (ಸ) ಕಿವಿಯಲ್ಲಿ ಇನ್ನೂ ಇರುವಾಗ ಹೊಸ ಷಡ್ಜ ಅದರ ಜೊತೆ ಹೊಂದದ ಪ್ರತಿಮಧ್ಯಮಕ್ಕೆ (ಮೇಲಿನ ಮ) ಬಂದು ಕೂರುತ್ತದೆ. ಅದೇ ಕಪ್ಪು ನಾಲ್ಕಾದರೆ ಪಂಚಮ (ಪ), ಏನೂ ಆಗದಂತೆ ಸಾಗಿಹೋಗುತ್ತದೆ. ಹಾರ್ಮೋನಿಯಂ ಇಲ್ಲದವರು ಫೋನಿನ ತಂಬೂರಿ ಆ್ಯಪ್ ಹಾಕಿ ಶ್ರುತಿ ಹಿಡಿಯಬಹುದು. ಎರಡು ಒಳ್ಳೆಯ ಹಾಡು ಜಗಳವಾಡಿದರೆ ಒಂದನ್ನೂ ಬಿಡಬೇಕಿಲ್ಲ, ನಡುವೆ ಶ್ರುತಿಯ ಹಂಗಿಲ್ಲದ ತಮಟೆಯನ್ನೋ ಡೊಳ್ಳನ್ನೋ ಕೂರಿಸಿದರೆ ಪಂಚಾಯಿತಿ ಮುಗಿಯಿತು.

ಒಂದು ಹಾಡು ಮುಗಿಯುವ ಮೊದಲೇ ಅದರ ಮೇಲೆ ಮುಂದಿನದನ್ನು ಹತ್ತಿಸುವ ಕ್ರಾಸ್‌ಫೇಡ್ ಎಂಬ ಸೌಕರ್ಯವನ್ನು ಆಫ್ ಮಾಡಿಡುವುದು ವಾಸಿ. ಮೆಲ್ಲಗೆ ಕರಗುವ ಸಿನಿಮಾ ಹಾಡಿಗೆ ಎರಡು ಮೂರು ಸೆಕೆಂಡಿನದು ಪರವಾಗಿಲ್ಲ. ವೀಣೆಯ ಕೊನೆಯ ಮೀಟು ಸ್ವಂತ ಹೊತ್ತಿನಲ್ಲೇ ಆರಬೇಕು. ಅದರ ಮೇಲೆ ಇನ್ನೊಂದು ಹಾಡಿನ ಪಿಟೀಲು ಹತ್ತಿಕೊಂಡರೆ ಎರಡೂ ಕೆಟ್ಟವು. ಇನ್ನು ಸದ್ದಿನ ಮಟ್ಟ. ಹಳೆಯ 78 ಆರ್‌ಪಿಎಂ ಗ್ರಾಮಫೋನ್ ತಟ್ಟೆಯಿಂದ ಇಳಿಸಿದ ಹಾಡು ಮೆತ್ತಗೆ, ಈಗಿನದು ಕಿರುಚಾಟ. ಹಳೆಯದಕ್ಕೆ ಸದ್ದು ಏರಿಸಿ ಮರೆತರೆ ಮುಂದಿನದು ಕಿವಿಗೆ ಬಾರಿಸುತ್ತದೆ. ಆ್ಯಪ್‌ನಲ್ಲಿ ಸದ್ದು ಸಮ ಮಾಡುವ ಸೆಟ್ಟಿಂಗ್ ಇದ್ದರೆ ಹಾಕಿಕೊಳ್ಳಿ. ಸ್ವಂತ ಫೈಲುಗಳಾದರೆ ಎಂಪಿತ್ರೀಗೇನ್ ಎಂಬ ತಂತ್ರಾಂಶ ಅವುಗಳನ್ನು 89 ಡೆಸಿಬೆಲ್ ಗುರಿಗೆ ತಂದು ಕೊಡುತ್ತದೆ. ತಟ್ಟೆಯ ಚರಚರ ಸದ್ದನ್ನು ಮಾತ್ರ ಉಜ್ಜಲು ಹೋಗಬಾರದು, ಉಜ್ಜಿದರೆ ಅದರ ಜೊತೆ ಹಾಡಿನ ಉಸಿರೂ ಹೋಗುತ್ತದೆ.

ಆಯ್ಕೆ ತಿಂಗಳಿಗೆ ತಕ್ಕಂತೆ. ಪಂಚಾಂಗದ ತಿಂಗಳೇ ಇದಕ್ಕೆ ಹೊಂದುತ್ತದೆ, ಜುಲೈ ತಿಂಗಳಿಗೆ ರಾಗವಿಲ್ಲ. ಆಷಾಢದಲ್ಲಿ ಮದುವೆಯಿಲ್ಲ, ಛತ್ರದಿಂದ ವಾಲಗ ಕೇಳಿಸದು, ಆದ್ದರಿಂದ ಒಂದು ನಾದಸ್ವರ ಮಿಕ್ಸಿನಲ್ಲಿರಲಿ. ಧನುರ್ಮಾಸಕ್ಕೆ ಪಾಶುರ (ತಮಿಳಿನ ವೈಷ್ಣವ ಸ್ತುತಿ) ಹುಡುಕುವ ಕಷ್ಟ ಬೇಡ, ಬೀದಿ ಕೊನೆಯ ದೇವಸ್ಥಾನ ಬೆಳಗಿನ ಜಾವವೇ ಮೈಕಿನಲ್ಲಿ ಹಂಚುತ್ತದೆ. ದಸರೆಯಲ್ಲಂತೂ ಮೈಸೂರಿನಲ್ಲಿರುವವರು ಇಯರ್‌ಫೋನ್ ಹಾಕಿಕೊಳ್ಳುವುದು ದಂಡ.

ಆಷಾಢದ ಒಂದು ಮಾದರಿ ಹೀಗೆ. ಗಾಡಿ ಹೊರಡುವ ಮೊದಲೇ ಹಾಡು ಶುರುಮಾಡಬಾರದು, ಗಾಲಿ ಅಲುಗಿದ ಮೇಲೆ ಒತ್ತಬೇಕು. ಮೊದಲು 4 ನಿಮಿಷದ ಚುರುಕಾದ ನಾದಸ್ವರ, ಕಚೇರಿಯ ಮೊದಲಲ್ಲಿ ವರ್ಣ ಇದ್ದ ಹಾಗೆ. ಆಮೇಲೆ 5 ನಿಮಿಷದ ಸಿನಿಮಾ ಹಾಡು, 5 ನಿಮಿಷದ ಭಾವಗೀತೆ. ಇಷ್ಟಕ್ಕೆ ಹದಿನಾಲ್ಕಾಯಿತು, ಶ್ರೀರಂಗಪಟ್ಟಣ ಬಂತು. ಊರು ದ್ವೀಪ, ಸ್ಟೇಷನ್ನಿನ ಆಚೆ ಈಚೆ ಎರಡೂ ಕಡೆ ಕಾವೇರಿಯ ಸೇತುವೆ. ಗಾಡಿ ಸೇತುವೆಗೆ ಹತ್ತಿದರೆ ಆ ಗಡಗಡದಲ್ಲಿ ಆಲಾಪನೆಯೂ ಒಂದೇ, ಫ್ಯಾನಿನ ಸದ್ದೂ ಒಂದೇ. ಅಲ್ಲಿಗೆ ಸರಿಯಾಗಿ 7 ನಿಮಿಷ ಪೂಜಾ ಕುಣಿತದ ತಮಟೆ ಇಟ್ಟರೆ ಸೇತುವೆಯೂ ಮೇಳಕ್ಕೆ ಸೇರಿಕೊಳ್ಳುತ್ತದೆ. ನದಿ ದಾಟಿದ ಮೇಲೆ ಬಯಲು, ಕಬ್ಬು, ಭತ್ತ. ಇಲ್ಲಿಂದ 11 ನಿಮಿಷ ವೀಣೆಯ ಕೃತಿ. ನಂತರ ಮಂಟೇಸ್ವಾಮಿಯ ಕಥೆ ಹಾಡುವ ನೀಲಗಾರರ ತಂಬೂರಿ ಪದ 5, ಒಂದು ಯುಗಳಗೀತೆ 5, ಕಡೆಗೆ ತಟ್ಟೆ ಕಾಲದ 3 ನಿಮಿಷದ ಹಾಡು. ಕೂಡಿಸಿದರೆ 45. ಪ್ಯಾಸೆಂಜರ್ ಗಾಡಿಯವರು ಎಲ್ಲಕ್ಕೂ ಸ್ವಲ್ಪ ಸ್ವಲ್ಪ ನೀರು ಬೆರೆಸಿಕೊಳ್ಳಬೇಕು.

ಕಾರಿಗೆ ಒಯ್ಯುವವರು ಪೆನ್‌ಡ್ರೈವನ್ನು ಫ್ಯಾಟ್32ಕ್ಕೆ ಫಾರ್ಮ್ಯಾಟ್ ಮಾಡಿ, ಫೈಲಿನ ಹೆಸರಿನ ಮುಂದೆ 01, 02 ಎಂದು ಬರೆದು, ಅದೇ ಸಾಲಿನಲ್ಲಿ ಒಂದೊಂದಾಗಿ ಕಾಪಿ ಮಾಡಬೇಕು. ಎಷ್ಟೋ ಸ್ಟೀರಿಯೋಗಳಿಗೆ ಹೆಸರಿನ ಗೊಡವೆಯಿಲ್ಲ, ಒಳಗೆ ಬಂದ ಸರದಿಯಲ್ಲೇ ಹಾಡುತ್ತವೆ.

ಸಂಜೆ ಮಂಡ್ಯದಿಂದ ವಾಪಸು ಬರುವಾಗ ಇದನ್ನೇ ಹಾಕಿದರೆ ಎಡವಟ್ಟು. ಮೊದಲಿನಿಂದ ಕೊನೆಯವರೆಗೆ ಅದೇ ಎಂಟು ಹಾಡು, ಆದರೆ ಸೇತುವೆ ಬರುವುದು ಈ ಸಲ 24ನೇ ನಿಮಿಷದಿಂದ 31ರ ಒಳಗೆ. ವೀಣೆ ನಡೆಯುವುದು 21ರಿಂದ 32. ಬೆಳಿಗ್ಗೆ ಅಷ್ಟು ಜೋಪಾನ ಮಾಡಿದ ಕೃತಿಯನ್ನು ಕಾವೇರಿ ಸಂಜೆ ಹೆಚ್ಚುಕಮ್ಮಿ ಇಡಿಯಾಗಿ ನುಂಗಿಹಾಕುತ್ತಾಳೆ. ಬಿ ಸೈಡನ್ನು ಬೇರೆಯಾಗಿಯೇ ಕಟ್ಟಬೇಕು, ತಮಟೆಯನ್ನು ಹತ್ತು ನಿಮಿಷ ಕೆಳಗಿಳಿಸಿ.