ಅಷ್ಟದಿಕ್ಪಾಲಕರೂ ನನ್ನ ಹೆಬ್ಬೆರಳೂ

ಒಂದು ಕಾಲಕ್ಕೆ ನನ್ನ ಎಡಗೈ ಹೆಬ್ಬೆರಳು ಜಡ್ಡುಗಟ್ಟಿತ್ತು. ಹಾಸ್ಟೆಲ್‌ನಲ್ಲಿ ನಾಲ್ವರು ದುಡ್ಡು ಹಾಕಿ ತಂದಿದ್ದ ಸೆಕೆಂಡ್ ಹ್ಯಾಂಡ್ ಪಿಎಸ್2 ಗೇಮಿಂಗ್ ಯಂತ್ರದಲ್ಲಿ ವಿನ್ನಿಂಗ್ ಇಲೆವೆನ್ ಎಂಬ ಫುಟ್‌ಬಾಲ್ ಆಟ ಆಡಿದ ಫಲ. ಊರಿಗೆ ಹೋದಾಗ ಅಮ್ಮ "ಬರೆದೂ ಬರೆದೂ ಹೀಗಾಯ್ತಲ್ಲೋ" ಎಂದು ಕೊಬ್ಬರಿ ಎಣ್ಣೆ ಹಚ್ಚಿದಳು. ನಾನು ಬರೆಯುವುದು ಬಲಗೈಯಲ್ಲಿ ಎಂಬುದು ಅವಳಿಗೆ ಹೊಳೆಯಲಿಲ್ಲ. ನಾನೂ ನೆನಪಿಸಲಿಲ್ಲ.

ಆಟದ ಕಂಟ್ರೋಲರ್‌ನಲ್ಲಿ ಎಡ ಹೆಬ್ಬೆರಳಿಗೆ ಸಿಗುವ, ಕೂಡಿಸುವ ಚಿಹ್ನೆಯಂಥ ಬಟನ್ನೇ ಡಿ-ಪ್ಯಾಡ್. ಅದರಲ್ಲಿ ಇರುವುದು ನಾಲ್ಕೇ ಬಾಣ. ಎರಡನ್ನು ಒಟ್ಟಿಗೆ ಒತ್ತಿದರೆ ಮೂಲೆ. ಒಟ್ಟು ಎಂಟು ದಿಕ್ಕು, ಪಕ್ಕಾ ವಾಸ್ತು. ಮೈದಾನದ ಅಂಚಿನಲ್ಲಿ ಓಡುವ ನನ್ನ ವಿಂಗರ್ ಪೂರ್ವಕ್ಕೆ ಓಡಿದನೆಂದರೆ ಗೆರೆ ಎಳೆದ ಹಾಗೆ ಪೂರ್ವಕ್ಕೇ; ಗೋಲಿನ ಕಡೆ ತಿರುಗಬೇಕಾದರೆ ಆಗ್ನೇಯ. ನಡುವಿನ ದಿಕ್ಕುಗಳಿಗೆ ದೇವರೂ ಇಲ್ಲ, ಬಟನ್ನೂ ಇಲ್ಲ. ಈ ಕೂಡಿಸುವ ಚಿಹ್ನೆಯನ್ನು 1982ರ ಡಾಂಕಿ ಕಾಂಗ್ ಎಂಬ ಅಂಗೈ ವಿಡಿಯೋ ಗೇಮ್‌ಗೆಂದು ರೂಪಿಸಿದ್ದು ಜಪಾನಿನ ನಿಂಟೆಂಡೋ ಕಂಪನಿಯ ಗುನ್‌ಪೇ ಯೊಕೋಯಿ. ಪುಣ್ಯಾತ್ಮ, ನನಗೆ ಸಾಲುವಷ್ಟು ದಿಕ್ಕು ಕೊಟ್ಟಿದ್ದ.

ದಸರಾ ರಜೆಗೆ ಅಕ್ಕನ ಮನೆಗೆ ಹೋದೆ. ಅವಳ ಮಗನಿಗೆ ಹದಿಮೂರು. ಆಡುವುದು ಎಫ್‌ಸಿ; ಅಂದರೆ 2023ರಲ್ಲಿ ಹೆಸರು ಬದಲಿಸಿಕೊಂಡ ನಮ್ಮ ಫಿಫಾ ವಿಡಿಯೋ ಗೇಮ್. "ಬಾ, ಹಳೇ ಹುಲಿ ಕೈ ನೋಡು" ಎಂದು ಕಂಟ್ರೋಲರ್ ಹಿಡಿದು ಕೂತೆ.

ಬಾಲ್ ಸಿಕ್ಕಿತು. ಹೆಬ್ಬೆರಳು ತನ್ನಷ್ಟಕ್ಕೆ ಬಲಬಾಣಕ್ಕೆ ಹೋಯಿತು. ಆಟಗಾರ ಕದಲಲಿಲ್ಲ. ಕುಟ್ಟಿದೆ. ಇನ್ನೂ ಜೋರಾಗಿ ಕುಟ್ಟಿದೆ. ಪರದೆಯ ಮೇಲೆ ಏನೇನೋ ಅಕ್ಷರ ಬಂದು ಹೋದವು. ಅಷ್ಟರಲ್ಲಿ ಅವನು ಬಾಲ್ ಕಸಿದು ಮುಂದೆ ಹೋದ. ನೋಡಿದರೆ ನನ್ನ ಅರ್ಧ ಮೈದಾನ ಕಾರ್ತೀಕ ಮುಗಿದ ದೇವಸ್ಥಾನದಂತೆ ಖಾಲಿ!

"ಮಾಮ, ಆ ಬಾಣ ಓಡೋಕಲ್ಲ, ಟ್ಯಾಕ್ಟಿಕ್ಸ್‌ಗೆ. ನೀನು ಇಡೀ ಟೀಮನ್ನ ಅಟ್ಯಾಕ್‌ಗೆ ಕಳಿಸಿದೀಯ."

ಗಾಬರಿಯಲ್ಲಿ ಎಡಬಾಣ ಕುಟ್ಟಿದೆ. ಉಳಿದ ಹತ್ತೂ ಜನ ಗೋಲ್‌ಕೀಪರ್ ಸುತ್ತ, ಪಂಕ್ತಿ ಊಟಕ್ಕೆ ಕಾದವರಂತೆ ಬಂದು ನಿಂತರು.

ಸರಿ, ಎತ್ತ ಬೇಕಾದರೂ ವಾಲುವ ಪುಟ್ಟ ಸ್ಟಿಕ್ಕೇ ಹಿಡಿದೆ. ಅದರಲ್ಲಿ 360 ಡಿಗ್ರಿ. ಅಷ್ಟನ್ನೂ ನನ್ನ ಹೆಬ್ಬೆರಳು ಒಂದೇ ಓಟದಲ್ಲಿ ಬಳಸಿತು. ಟಚ್‌ಲೈನ್ ಪಕ್ಕ ನೆಟ್ಟಗೆ ಓಡಿಸಲು ಹೋದೆ, ಆಟಗಾರ ಒಂದಿಷ್ಟೇ ವಾಲಿ ಬಾಲ್ ಸಮೇತ ಗೆರೆ ದಾಟಿದ. ಮೆಲ್ಲಗೆ ತಳ್ಳಿದರೆ ಮೆಲ್ಲಗೆ ನಡೆಯುತ್ತಾನಂತೆ. ಡಿ-ಪ್ಯಾಡ್‌ಗೆ ಮೆಲ್ಲಗೆ ಎಂಬ ಮಾತೇ ಗೊತ್ತಿಲ್ಲ, ಒತ್ತಿದೆಯೋ ಇಲ್ಲವೋ ಅಷ್ಟೇ. ನನಗೂ ಹಾಗೇ ರೂಢಿ. ಈಗಲೂ ಹೇಳುತ್ತೇನೆ, ನೆಟ್ಟಗೆ ಓಡುವುದಕ್ಕೆ ಪ್ಯಾಡ್‌ಗೆ ಸಾಟಿಯಿಲ್ಲ. ಆದರೆ 6-0 ಸೋತವನ ಮಾತು ಯಾರು ಕೇಳುತ್ತಾರೆ?

ಕೊನೇ ನಿಮಿಷದಲ್ಲಿ ನನಗೊಂದು ಪೆನಾಲ್ಟಿ ಸಿಕ್ಕಿತು. ಅವನು ಕನಿಕರಪಟ್ಟು ಬೇಕೆಂದೇ ಬೀಳಿಸಿದ್ದ ಎಂದು ನನ್ನ ಗುಮಾನಿ. "ಸ್ಟಿಕ್‌ನಲ್ಲಿ ಗುರಿ ಹಿಡಿ, ಜಾಸ್ತಿ ತಳ್ಳಬೇಡ" ಎಂದ. ಬಲ ಮೇಲ್ಮೂಲೆ, ಈಶಾನ್ಯ, ದೇವಮೂಲೆ. ಕಣ್ಣು ಮುಚ್ಚಿ ತಳ್ಳಿದೆ.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

"ದಿಕ್ಕು ಸರಿ ಇತ್ತು ಮಾಮ," ಎಂದ ಹುಡುಗ, ಗ್ಯಾಲರಿಯ ಮೂರನೇ ಸಾಲಿನ ಕಡೆ ನೋಡುತ್ತಾ.